ಕಿವಿ ಕೆಳಗಿನ ಗಂಟು: ಡಬ್ಬಿ ಲ್ಯಾಬಿಗೆ ಸರಿಯಾಗಿ ಮುಟ್ಟಿಸುವುದು ಹೇಗೆ?

ಹೋದ ತಿಂಗಳು ಹರಿಹರದ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಕೈಯಲ್ಲಿ ಊಟದ ಬ್ಯಾಗು, ಅದರೊಳಗೆ ಒಂದು ಬಾಟಲಿ. ಅವರಪ್ಪನ ಕಿವಿ ಕೆಳಗಿನ ಗಂಟನ್ನು ಎರಡು ದಿನದ ಹಿಂದೆ ಆಪರೇಷನ್ ಮಾಡಿ ತೆಗೆದಿದ್ದರು. ಬಾಟಲಿಯ ಕತ್ತಿನವರೆಗೂ ಗಂಟೇ ತುಂಬಿತ್ತು. ಗಂಟು ಕೊಳೆಯದಂತೆ ಕಾಯುವ ದ್ರಾವಣ, ಅಂದರೆ ಫಾರ್ಮಲಿನ್, ತಳದಲ್ಲಿ ಎರಡು ಚಮಚ ಇತ್ತೋ ಏನೋ. ಕೊಯ್ದು ನೋಡಿದರೆ ಮೇಲ್ಭಾಗ ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದೆ, ಒಳಗೆ ಕೆಂಪಗೆ, ಮೆತ್ತಗೆ, ವಾಸನೆ ಬೇರೆ. ಅವಸರದಲ್ಲಿ ಕರಿದ ಮಿರ್ಚಿ ಹೊರಗೆ ಕೆಂಪಗಿದ್ದು ಒಳಗೆ ಹಿಟ್ಟು ಹಸಿ ಇರುತ್ತದಲ್ಲ, ಹಾಗೆ. ಆ ಹಸಿ ಭಾಗದಲ್ಲಿ ಒಂದು ಜೀವಕೋಶವೂ ನೆಟ್ಟಗೆ ಕಾಣಲಿಲ್ಲ.

ನಾನು ದಾವಣಗೆರೆಯಲ್ಲಿ ಪೆಥಾಲಜಿ ಲ್ಯಾಬ್ ಟೆಕ್ನಿಷಿಯನ್. ಆಪರೇಷನ್‌ನಲ್ಲಿ ತೆಗೆದ ಗಂಟು ಕ್ಯಾನ್ಸರೋ ಅಲ್ಲವೋ ಅಂತ ಪರೀಕ್ಷೆ ಆಗುವುದು ಇಲ್ಲೇ. ಇಂಥ ಬಾಟಲಿಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಆಪರೇಷನ್ ಒಂದು ಕಡೆ, ಲ್ಯಾಬ್ ಇನ್ನೊಂದು ಕಡೆ. ನಡುವೆ ಡಬ್ಬಿ ಹೊರುವವರು ಮನೆಯವರೇ.

ಮೊದಲು ಗಂಟಿನ ವಿಷಯ. ಕಿವಿ ಕೆಳಗಿನ ಗಂಟು ಎಷ್ಟೋ ಸಲ ಜೊಲ್ಲು ಗ್ರಂಥಿಯದು. ಜೊಲ್ಲು ಗ್ರಂಥಿಗಳು ದೊಡ್ಡವು ಮೂರು ಜೊತೆ: ಕಿವಿಯ ಮುಂದೆ, ಕೆಳಗೆ ಪೆರೋಟಿಡ್, ದವಡೆ ಕೆಳಗೊಂದು, ನಾಲಿಗೆ ಕೆಳಗೊಂದು. ಇವಲ್ಲದೆ ತುಟಿ, ಕೆನ್ನೆ, ಅಂಗುಳದ ತುಂಬ ನೂರಾರು ಚಿಕ್ಕವು. ಗ್ರಂಥಿ ಚಿಕ್ಕದಾದಷ್ಟೂ ಅಲ್ಲಿನ ಗಂಟಿನ ಮೇಲೆ ಅನುಮಾನ ಜಾಸ್ತಿ. ಪೆರೋಟಿಡ್ ಗಂಟುಗಳಲ್ಲಿ ಐದಕ್ಕೆ ನಾಲ್ಕರಷ್ಟು ಕ್ಯಾನ್ಸರ್ ಅಲ್ಲ. ಅಂಗುಳದ ಚಿಕ್ಕ ಗ್ರಂಥಿಯ ಗಂಟಾದರೆ ಸುಮಾರು ಅರ್ಧದಷ್ಟು ಕ್ಯಾನ್ಸರೇ. ಊಟ ಮಾಡುವಾಗ ಊದಿ ಆಮೇಲೆ ಇಳಿದರೆ ಅದು ಸಾಮಾನ್ಯವಾಗಿ ಕಲ್ಲು. ಇಳಿಯದೆ ಬೆಳೆಯುತ್ತಿದ್ದರೆ, ನೋವಿದ್ದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ ತಡ ಮಾಡಬೇಡಿ. ಮುಖದ ನರ ಪೆರೋಟಿಡ್ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. "ಅವರು ಅಡಿಕೆ, ಗುಟ್ಕಾ ಮುಟ್ಟಿದವರೇ ಅಲ್ಲ, ಕ್ಯಾನ್ಸರ್ ಹೆಂಗೆ ಬರ್ತದೆ?" ಅಂತ ಕೇಳುತ್ತಾರೆ. ಅಡಿಕೆ ಅಗಿಯುವವರ ಬಾಯಿ ಕ್ಯಾನ್ಸರ್ ಬೇರೆ, ಇದು ಬೇರೆ. ಮಂಗನಬಾವು ಅಂದುಕೊಂಡು ತಿಂಗಳುಗಟ್ಟಲೆ ಲೇಪ ಹಚ್ಚಿ, ಚರ್ಮ ಸುಟ್ಟುಕೊಂಡು ಬಂದವರನ್ನೂ ನೋಡಿದ್ದೇನೆ.

ಆಮೇಲೆ ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ: ಸೂಜಿಯಿಂದ ಗಂಟಿನ ಒಂದಿಷ್ಟು ಜೀವಕೋಶ ಎಳೆದು ನೋಡುವುದು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಮಾತು ಬಿಟ್ಟುಬಿಡಿ. ಇಂಜೆಕ್ಷನ್‌ಗಿಂತ ದೊಡ್ಡದಲ್ಲ ಆ ಸೂಜಿ. ಹೆದರಬೇಕಾದ್ದು ಬೇರೆಯದಕ್ಕೆ: "ಸುಮ್ನೆ ಒಂದು ಚೂರು ಕೊಯ್ದು ನೋಡೋಣ" ಅಂತ ಪೆರೋಟಿಡ್ ಗಂಟಿಗೆ ಬ್ಲೇಡು ಹಾಕುವುದು. ಗಂಟಿನ ಕವಚ ಒಡೆದು ಒಳಗಿನದು ಚೆಲ್ಲಿದರೆ, ಕ್ಯಾನ್ಸರ್ ಅಲ್ಲದ ಗಂಟು ಕೂಡ ವರ್ಷಗಳ ಮೇಲೆ ಹತ್ತಾರು ಚಿಕ್ಕ ಗಂಟುಗಳಾಗಿ ಮರಳಬಹುದು. ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿ 'ಮಿಲಾನ್' ಅಂತ ಬರೆದು ರೋಮನ್ ಅಂಕಿ ಹಾಕಿರುತ್ತಾರೆ. 2018ರಲ್ಲಿ ಬಂದ ಪದ್ಧತಿ ಅದು, ಒಟ್ಟು ಆರು ವರ್ಗ. ಒಂದು ಅಂದರೆ ಸಿಕ್ಕಿದ್ದು ಸಾಲದು, ಆರು ಅಂದರೆ ಕ್ಯಾನ್ಸರ್. ಒಂದು ಬಂದರೆ ಖುಷಿಪಡಬೇಡಿ, ಅದು ನಾರ್ಮಲ್ ಅಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಮತ್ತೊಮ್ಮೆ ಚುಚ್ಚಿಸಿ.

ಈಗ ಡಬ್ಬಿ. ಎಲ್ಲ ಕೆಡುವುದು ಇಲ್ಲೇ.

ಆಪರೇಷನ್‌ಗೆ ಮುಂಚೆಯೇ ಸಿಸ್ಟರ್ ಹತ್ತಿರ ಕೇಳಿ: "ಡಬ್ಬಿ ರೆಡಿ ಇದೆಯಾ ಮೇಡಂ, ಫಾರ್ಮಲಿನ್ ಇದೆಯಾ?" ಸಂಕೋಚ ಬೇಡ. ಬಾಯಿ ಅಗಲ ಇರುವ ಪ್ಲಾಸ್ಟಿಕ್ ಡಬ್ಬಿಯೇ ಬೇಕು. ಕೆಮ್ಮಿನ ಸಿರಪ್ ಬಾಟಲಿಗೆ ಮೆತ್ತಗಿರುವಾಗ ತುರುಕಿದ ಗಂಟು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ನಾವು ಬಾಟಲಿ ಕೊಯ್ಯಬೇಕಾಗುತ್ತದೆ. ಐದು ರೂಪಾಯಿಯ ತೆಳು ಡಬ್ಬಿಯೂ ಬೇಡ, ಬಸ್ಸಿನಲ್ಲಿ ಸೋರಿ ಪಕ್ಕದವರ ಕಣ್ಣು ಉರಿಸುತ್ತದೆ.

ಅಳತೆ ಇಷ್ಟೇ: ಗಂಟಿನ ಗಾತ್ರದ ಹತ್ತು ಪಟ್ಟು ಫಾರ್ಮಲಿನ್. ಲಿಂಬೆಹಣ್ಣಿನಷ್ಟು ಗಂಟಿಗೆ ಅರ್ಧ ಲೀಟರ್ ಹತ್ತಿರ ಬೇಕು. ಹತ್ತು ಪರ್ಸೆಂಟ್ ಬಫರ್ಡ್ ಫಾರ್ಮಲಿನ್ ಅಂತ ತಯಾರಾಗಿಯೇ ಸಿಗುತ್ತದೆ, ಅದನ್ನೇ ಬಳಸಲಿ. ತಳದಲ್ಲಿ ಬಿಳಿ ಗಸಿ ಕೂತ ಹಳೇ ಬಾಟಲಿ ತೋರಿಸಿದರೆ ಬೇಡ ಅನ್ನಿ. ಸಲೈನ್, ಸ್ಪಿರಿಟ್, ನೀರು ಯಾವುದೂ ಅದರ ಕೆಲಸ ಮಾಡುವುದಿಲ್ಲ. ಒಬ್ಬ ಪುಣ್ಯಾತ್ಮರು ಕೆಡಬಾರದು ಅಂತ ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಟ್ಟು ತಂದಿದ್ದರು. ಮಂಜುಗಡ್ಡೆಯ ಹರಳು ಮಾಡಿದ ತೂತು ಬಿಟ್ಟರೆ ಸ್ಲೈಡಿನಲ್ಲಿ ಏನೂ ಇರಲಿಲ್ಲ.

ಫಾರ್ಮಲಿನ್ ಒಳಗಿಳಿಯುವುದು ನಿಧಾನ, ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಅದಕ್ಕೇ ದೊಡ್ಡ ಗಂಟನ್ನು ಅದೇ ದಿನ ಲ್ಯಾಬಿಗೆ ತನ್ನಿ. ಅಂಚಿಗೆ ಇಂಕ್ ಹಚ್ಚಿ, ಹೋಳು ಮಾಡಿ, ಮತ್ತೆ ನೆನೆಸುತ್ತೇವೆ. ನೀವೇ ಕೊಯ್ಯಲು ಹೋಗಬೇಡಿ, ಗಂಟು ಪೂರ್ತಿ ಹೊರಬಂದಿದೆಯಾ ಅಂತ ಹೇಳುವುದು ಆ ಅಂಚು. ಆರು ಗಂಟೆಗಿಂತ ಕಡಿಮೆ ನೆನೆಯಬಾರದು, 72 ಗಂಟೆ ಮೀರಬಾರದು. ಆಪರೇಷನ್ ಶನಿವಾರವಾದರೆ ಭಾನುವಾರ ಲ್ಯಾಬಿನಲ್ಲಿ ಯಾರಿರುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಶನಿವಾರ ಆಪರೇಷನ್ನೇ ಬೇಡ.

ಹೆಸರು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳ ಅದಲುಬದಲಾಗುತ್ತದೆ. ಫಾರಂನಲ್ಲಿ 'ಕುತ್ತಿಗೆ ಗಂಟು' ಅಂತಷ್ಟೇ ಗೀಚಿದ್ದರೆ ವಾಪಸ್ ಒಯ್ದು ಬರೆಸಿ: ಎಡವೋ ಬಲವೋ, ಯಾವ ಗ್ರಂಥಿ, ಎಷ್ಟು ವರ್ಷದಿಂದ, ಮುಖ ಸೊಟ್ಟಗಾಗಿದೆಯಾ, ಹಿಂದೆ ಇದೇ ಜಾಗದಲ್ಲಿ ಆಪರೇಷನ್ ಆಗಿತ್ತಾ.

ಇಷ್ಟೆಲ್ಲ ಯಾಕೆ ಅಂದರೆ ಜೊಲ್ಲು ಗ್ರಂಥಿಯ ಕ್ಯಾನ್ಸರ್ ಒಂದಲ್ಲ, ಇಪ್ಪತ್ತಕ್ಕೂ ಹೆಚ್ಚು ಬಗೆ. ಹೆಚ್ಚು ಕಾಣುವುದು ಮ್ಯೂಕೋಎಪಿಡರ್ಮಾಯ್ಡ್. ಅದರಲ್ಲೇ ಸೌಮ್ಯದ್ದು, ಉಗ್ರದ್ದು ಅಂತ ದರ್ಜೆ ಇದೆ. ಅಡಿನಾಯ್ಡ್ ಸಿಸ್ಟಿಕ್ ಅನ್ನುವುದು ಮೈಕ್ರೋಸ್ಕೋಪಿನಲ್ಲಿ ಜಾಲರಿ ಸೌಟಿನ ಹಾಗೆ ತೂತು ತೂತು. ಬೆಳೆಯುವುದು ನಿಧಾನ, ಆದರೆ ಬೇಲಿಗುಂಟ ಬಳ್ಳಿ ಹಬ್ಬಿದ ಹಾಗೆ ನರದ ಗುಂಟ ಹೋಗುತ್ತದೆ, ಹತ್ತು ವರ್ಷದ ಮೇಲೂ ಶ್ವಾಸಕೋಶದಲ್ಲಿ ತಲೆ ಎತ್ತಬಹುದು. ಸೆಕ್ರೆಟರಿ ಕಾರ್ಸಿನೋಮ ಅನ್ನುವುದನ್ನು ಬೇರೆ ರೋಗ ಅಂತ ಗುರುತಿಸಿದ್ದೇ 2010ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ಬಾರಿ ಏಸಿನಿಕ್ ಸೆಲ್ ಅನ್ನುವ ಇನ್ನೊಂದು ಬಗೆಯ ಕ್ಯಾನ್ಸರ್ ಅಂತ ಬರೆಯುತ್ತಿದ್ದರು. ಎರಡೂ ಬರಿಗಣ್ಣಿಗಿರಲಿ, ಮಾಮೂಲಿ ಗುಲಾಬಿ-ನೀಲಿ ಬಣ್ಣದ ಸ್ಲೈಡಿನಲ್ಲೂ ಅಣ್ಣತಮ್ಮಂದಿರಂತೆ. ಆಗ ಐಎಚ್‌ಸಿ ಮಾಡುತ್ತಾರೆ, ಅಂದರೆ ಜೀವಕೋಶದ ಒಂದೊಂದು ಪ್ರೋಟೀನಿಗೆ ಬಣ್ಣ ಹಿಡಿಸಿ ನೋಡುವ ಪರೀಕ್ಷೆ: ಡಾಗ್-1 ಅನ್ನುವ ಪ್ರೋಟೀನು ಕಂದು ಬಣ್ಣ ಹಿಡಿದರೆ ಏಸಿನಿಕ್ ಕಡೆ, ಎಸ್-100 ಮತ್ತು ಮ್ಯಾಮಗ್ಲೋಬಿನ್ ಎರಡೂ ಹಿಡಿದರೆ ಸೆಕ್ರೆಟರಿ ಕಡೆ. ಇನ್ನೂ ಅನುಮಾನವಿದ್ದರೆ ಇಟಿವಿ6 ಮತ್ತು ಎನ್‌ಟಿಆರ್‌ಕೆ3 ಜೀನ್‌ಗಳು ಅಂಟಿಕೊಂಡಿವೆಯಾ ಅಂತ ಹುಡುಕುತ್ತಾರೆ. ಅಂಟಿಕೊಂಡಿದ್ದರೆ, ರೋಗ ಹರಡಿದವರಿಗೆ ಅದಕ್ಕೇ ಗುರಿಯಿಟ್ಟ ಮಾತ್ರೆ ಇದೆ. ಮೊದಲು ಹೇಳಿದ, ಒಳಗೆ ಹಸಿ ಉಳಿದ ಮಿರ್ಚಿಯಂಥ ತುಂಡಿನಲ್ಲಿ ಈ ಯಾವ ಬಣ್ಣವನ್ನೂ ನಂಬಲಾಗದು.

ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಇನ್ನೆಲ್ಲಿಗೋ ಹೋಗುವುದಾದರೆ ರಿಪೋರ್ಟ್ ಝೆರಾಕ್ಸ್ ಸಾಲದು. ಸ್ಲೈಡಿನ ಫೋಟೊ ವಾಟ್ಸಾಪ್ ಮಾಡುವುದಂತೂ ಕೆಲಸಕ್ಕೆ ಬಾರದ ದಾರಿ. ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಸ್ಲೈಡ್ ಜೊತೆ ಮೇಣದ ಬ್ಲಾಕ್, ಅಂದರೆ ಗಂಟಿನ ತುಂಡು ಹುದುಗಿಸಿಟ್ಟ ಮೇಣದ ಗಟ್ಟಿ, ಪಡೆಯಿರಿ. ಹೊಸ ಬಣ್ಣದ ಪರೀಕ್ಷೆಗೆಲ್ಲ ಅದರಿಂದಲೇ ಕೊಯ್ಯಬೇಕು. ಆ ಮೇಣ 60 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನ ಗಾಜಿನ ಹತ್ತಿರ ಇಟ್ಟು ಹೋಟೆಲಿಗೆ ದೋಸೆ ತಿನ್ನಲು ಇಳಿಯಬೇಡಿ, ಕೈಚೀಲದಲ್ಲೇ ಇರಲಿ. ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ತಂದುಕೊಟ್ಟು, ರಿಜಿಸ್ಟರಿನಲ್ಲಿ ನಿಮ್ಮ ಸಹಿಯ ಮುಂದೆ 'ಬಂದಿದೆ' ಅಂತ ನಮ್ಮಿಂದ ಬರೆಸಿಕೊಂಡು ಹೋಗಿ.