ಗುಂಯ್ ನಿಂತಿತು: ಫೋನೋ ಪ್ರಿಆಂಪ್, ನನ್ನ ಅನುಭವ

ಫೋನೋ ಪ್ರಿಆಂಪ್ ಅಂದರೆ ಟರ್ನ್‌ಟೇಬಲಿನ ಸಣ್ಣ ಸಿಗ್ನಲನ್ನು ಆಂಪಿಗೆ ಸಾಕಾಗುವಷ್ಟು ಹಿಗ್ಗಿಸುವ ಬೋರ್ಡು. 600 ರೂಪಾಯಿಯ, ಎನ್‌ಇ5532 ಚಿಪ್ಪಿನ ಅಂಥ ಬೋರ್ಡಿನಲ್ಲಿ ಎಲ್‌ಪಿ ಕೇಳುವುದು ಆಗುವ ಹೋಗುವ ಮಾತಲ್ಲ ಎಂದವರು ಬದಿಯಡ್ಕದಿಂದ ಮಂಗಳೂರಿನವರೆಗೂ ಇದ್ದಾರೆ. ಈಗ ಸೂಜಿ ಎತ್ತಿಟ್ಟು ವಾಲ್ಯೂಮ್ ಮುಕ್ಕಾಲಿಗೆ ತಿರುಗಿಸಿದರೂ ಸ್ಪೀಕರಿಗೆ ಕಿವಿ ಹಚ್ಚಬೇಕು, ಅಷ್ಟು ನಿಶ್ಶಬ್ದ. ಎಲ್ಲ ಸೇರಿ ಖರ್ಚು 2,000ದ ಒಳಗೆ. ಅದಕ್ಕೆ ಮುಂಚೆ ಹಾಳು ಮಾಡಿದ್ದು ಅದರ ಎರಡು ಪಟ್ಟು ಇದ್ದೀತು.

ಹೆಚ್ಚಿನದ್ದು ಹೋದದ್ದು ಅಡಾಪ್ಟರುಗಳಿಗೆ. ಮೂರು ಸ್ವಿಚ್ಚಿಂಗ್ ಅಡಾಪ್ಟರ್ ತಂದೆ, ಮೂರೂ ಸೊಳ್ಳೆ ಹಾಡಿದ ಹಾಗೆ. ಕೊನೆಗೆ 15-0-15ರ ಟ್ರಾನ್ಸ್‌ಫಾರ್ಮರ್, ಜೊತೆಗೆ ಪ್ಲಸ್ 12, ಮೈನಸ್ 12 ವೋಲ್ಟನ್ನು ಸ್ಥಿರವಾಗಿ ಕೊಡುವ ರೆಗ್ಯುಲೇಟರ್ ಚಿಪ್ಪುಗಳು 7812, 7912. 12-0-12 ಸಾಲದೇ ಎಂದು ಕೇಳಬೇಡಿ. ಸಂಜೆ ಲೈನ್ 180 ವೋಲ್ಟಿಗೆ ಇಳಿಯುವ ಮನೆಯಲ್ಲಿ ರೆಗ್ಯುಲೇಟರ್ ಕೈಬಿಟ್ಟು 100 ಹರ್ಟ್ಸ್ ಸದ್ದು ಹಾಡಿನೊಳಗೆ ನುಗ್ಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ಬೇರೆ ಡಬ್ಬಿ, ಬೋರ್ಡಿನಿಂದ ಒಂದೂವರೆ ಅಡಿ ದೂರ. ಸೂಜಿ ಹಿಡಿದ ಕಾರ್ಟ್ರಿಜ್ ಕೊಡುವುದೇ 4 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಮಾಡುವಲ್ಲಿ ಆರ್‌ಐಎಎ (ಎಲ್‌ಪಿ ಕೆತ್ತುವಾಗ ತಗ್ಗಿಸಿದ ಬೇಸನ್ನು ಮತ್ತೆ ಎತ್ತುವ, ಏರಿಸಿದ ಟ್ರೆಬಲನ್ನು ಇಳಿಸುವ ತಿದ್ದುಪಡಿ) ಕರೆಂಟಿನ 50 ಹರ್ಟ್ಸನ್ನು ಇನ್ನೂ 17 ಡೆಸಿಬೆಲ್ ಎತ್ತುತ್ತದೆ. ಹತ್ತಿರ ಇಟ್ಟರೆ ಗುಂಯ್ ಬರದೆ ಏನು ಬಂದೀತು?

ಅಷ್ಟಾದರೂ ಗುಂಯ್ ಇದ್ದರೆ ಬೋರ್ಡಿನ ಇನ್‌ಪುಟ್ ಆರ್‌ಸಿಎ ಸಾಕೆಟ್ ಎರಡನ್ನೂ ಶಾರ್ಟ್ ಮಾಡಿ (ಒಂದೊಂದರ ನಡುಪಿನ್ನನ್ನು ಅದರ ಹೊರಬಳೆಗೆ ಸೇರಿಸಿ) ಕೇಳಿ. ಸದ್ದು ನಿಂತರೆ ದೋಷ ಟರ್ನ್‌ಟೇಬಲ್ ಕಡೆ, ನಿಲ್ಲದಿದ್ದರೆ ಬೋರ್ಡು ಅಥವಾ ಸಪ್ಲೈ. ನನ್ನಲ್ಲಿ ನಿಂತಿತು. ಟರ್ನ್‌ಟೇಬಲಿನ ಅರ್ತ್ ವಯರನ್ನು ಬೋರ್ಡಿನ ಜಿಎನ್‌ಡಿಗೂ (ಗ್ರೌಂಡ್) ಮನೆಯ ಅರ್ತಿಗೂ ಎರಡೂ ಕಡೆ ಕೊಟ್ಟದ್ದೇ ತಪ್ಪು. ಒಂದೇ ಕಡೆ ಸಾಕು, ಬೋರ್ಡಿಗೆ ಮಾತ್ರ. ಉಳಿದ ಚೂರು ಗುಂಯ್ ಬರುತ್ತಿದ್ದದ್ದು ಆಂಪಿಗೆ ಸೇರಿದ ಟಿವಿ ಕೇಬಲಿನ ಶೀಲ್ಡಿನಿಂದ. ಕೇಬಲ್ ಕಳಚಿದ ಕ್ಷಣ ಹೋಯಿತು. ಮುರಕಲ್ಲಿನ ನೆಲ, ಏಪ್ರಿಲಿನಲ್ಲಿ ಅರ್ತ್ ಗುಂಡಿಗೆ ನೀರು ಹೊಯ್ಯದಿದ್ದರೆ ಅರ್ತ್ ಹೆಸರಿಗೆ ಮಾತ್ರ. ಆದರೂ ಆಂಪಿನ ಮೂರನೇ ಪಿನ್ ಕತ್ತರಿಸುವ ಬುದ್ಧಿ ಬೇಡ ಮಾರಾಯ್ರೆ, ಗುಂಯ್ ಹೋಗುವಾಗ ಜೀವವೂ ಹೋದೀತು. ಡಬ್ಬಿಯೊಳಗೆ ಜಿಎನ್‌ಡಿಯನ್ನು ಲೋಹಕ್ಕೆ ಎಲ್ಲಿ ಹಿಡಿದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಮನೆಗೆ ಬನ್ನಿ, ತೋರಿಸುತ್ತೇನೆ.

ಇನ್ನು ಕಿವಿಗೆ ಚುಚ್ಚುವ 'ಸ'ಕಾರ. ಇದಕ್ಕೆ ಎಲ್ಲರೂ ಸೂಜಿಯನ್ನೇ ಬೈಯುತ್ತಾರೆ. ನನ್ನದು ಎಟಿ-ವಿಎಂ95ಇ ಕಾರ್ಟ್ರಿಜ್, ಅದಕ್ಕೆ ಬೇಕಾದ್ದು ಕೇಬಲ್, ಬೋರ್ಡು ಎಲ್ಲ ಸೇರಿ 100ರಿಂದ 200 ಪಿಕೋಫ್ಯಾರಡ್ ಕೆಪಾಸಿಟೆನ್ಸ್. ಬೋರ್ಡಿನಲ್ಲಿ ಮೊದಲೇ 220 ಕೂತಿತ್ತು, ಒಂದೂವರೆ ಮೀಟರ್ ಕೇಬಲಿನದ್ದು 150ರ ಹತ್ತಿರ, ಆರ್ಮಿನ ವಯರಿನದ್ದು ಬೇರೆ. 400ರ ಆಸುಪಾಸು ಆದಾಗ ಕಾರ್ಟ್ರಿಜ್‌ನ 550 ಮಿಲಿಹೆನ್ರಿ ಸೇರಿ 10–11 ಕಿಲೋಹರ್ಟ್ಸಿನಲ್ಲಿ ಗೂನು ಏಳುತ್ತದೆ, ಅಂದರೆ ಅಲ್ಲಿನ ಸದ್ದು ಮಾತ್ರ ಜೋರಾಗುತ್ತದೆ. 220ರ ಎರಡೂ ಕೆಪಾಸಿಟರ್ ಕಿತ್ತು ಎಸೆದೆ, 47ಕೆ ಓಮಿನ ಲೋಡ್ ರೆಸಿಸ್ಟರ್ ಹಾಗೇ ಇರಲಿ ಎಂದು ಬಿಟ್ಟೆ. ಗೂನು 15ರ ಆಚೆ ಸರಿಯಿತು. ಬಿಸಾಡಿದ್ದು ಎರಡು ರೂಪಾಯಿಯ ಸಾಮಾನು, ಗಳಿಸಿದ್ದು ಹೊಸ ಸೂಜಿಯ ದುಡ್ಡು.

ನಡುವೆ ಹಳೆಯ ಸೂಟ್‌ಕೇಸ್ ಪ್ಲೇಯರಿನ ಸೆರಾಮಿಕ್ ಕಾರ್ಟ್ರಿಜನ್ನೂ ಇದೇ ಬೋರ್ಡಿಗೆ ಸಿಕ್ಕಿಸಿ ನೋಡಿದೆ. ಹರಿದ ಡೋಲಿನ ಸದ್ದು. ಅದಕ್ಕೆ ಆರ್‌ಐಎಎ ಬೇಡವೇ ಬೇಡ, ಬೇಕಾದ್ದು ಒಂದು ಮೆಗಾಓಮ್ ಲೋಡು. ಟಿಎಲ್071 ಚಿಪ್ಪಿನ ಬಫರ್ ಹಾಕಿ ಸೀದಾ ಆಂಪಿನ ಆಕ್ಸ್ ಇನ್‌ಪುಟ್ಟಿಗೆ ಕೊಟ್ಟೆ, ಬೇಸ್ ಬಂತು.

ಟರ್ನ್‌ಟೇಬಲಿನ ಹಿಂದೆ ಫೋನೋ/ಲೈನ್ ಸ್ವಿಚ್ ಇದ್ದರೆ ಫೋನೋದಲ್ಲೇ ಇರಲಿ; ಲೈನಿನಲ್ಲಿ ಬಿಟ್ಟರೆ ಆರ್‌ಐಎಎ ಎರಡು ಸಲ (ಟರ್ನ್‌ಟೇಬಲಿನೊಳಗೊಮ್ಮೆ, ಬೋರ್ಡಿನಲ್ಲೊಮ್ಮೆ) ಆಗಿ ಬರೀ ಗುಡುಗು. ಜೂನ್ ಬಂದ ಮೇಲೆ ತಿಂಗಳಿಗೊಮ್ಮೆ ಆರ್‌ಸಿಎ ಪಿನ್ ಕಳಚಿ ಒರೆಸಿ, ಪಾಚಿ ಹಿಡಿದ ಹಾಗೆ ಹಸಿರು ಕಟ್ಟುತ್ತದೆ.