ಪಿ0011 ಕೋಡ್: ಓಸಿವಿ ಬದಲಿಸುವ ಮುನ್ನ ನಾನು ಮಾಡುವ ಪರೀಕ್ಷೆಗಳು

ಸ್ಕ್ಯಾನರ್‌ನಲ್ಲಿ ಪಿ0011 ದೋಷ ಕೋಡ್ ಕಂಡ ಕೂಡಲೇ ಓಸಿವಿ, ಅಂದರೆ ವಿವಿಟಿಗೆ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆಗೆ) ಆಯಿಲ್ ಹರಿಸುವ ಸೊಲೆನಾಯ್ಡ್ ವಾಲ್ವ್, ಬದಲಿಸಿಬಿಡುವ ರೂಢಿ ಇದೆ. ನಾನು ಹಾಗೆ ಮಾಡುವುದಿಲ್ಲ. ಬ್ಯಾಂಕ್ 1ರ (ಮೊದಲ ಸಿಲಿಂಡರ್ ಇರುವ ಸಾಲಿನ) ಇನ್‌ಟೇಕ್ ಕ್ಯಾಮ್, ಅಂದರೆ ಒಳಗಾಳಿಯ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್, ಇಂಜಿನ್ ಕಂಪ್ಯೂಟರ್ ಆದ ಇಸಿಯು ಕೇಳಿದ್ದಕ್ಕಿಂತ ಮುಂದಕ್ಕೆ ತಿರುಗಿದೆ ಅಥವಾ ಕೇಳಿದಂತೆ ತಿರುಗುತ್ತಿಲ್ಲ ಎಂದಷ್ಟೇ ಕೋಡ್ ಹೇಳುತ್ತದೆ. ಯಾಕೆ ಎಂಬುದು ಅದಕ್ಕೆ ಗೊತ್ತಿಲ್ಲ.

ಜೊತೆಗೆ ಪಿ0010 ಇದ್ದರೆ ದೋಷ ವಾಲ್ವ್‌ನ ವಿದ್ಯುತ್ ಸರ್ಕ್ಯೂಟ್‌ನಲ್ಲಿದೆ, ಮೊದಲು ವೈರಿಂಗ್ ಮತ್ತು ಕಾಯಿಲ್ ನೋಡಬೇಕು. ಪಿ0016 ಇದ್ದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್), ಕ್ಯಾಮ್ ಹೊಂದಾಣಿಕೆ ತಪ್ಪಿದೆ. ಟೈಮಿಂಗ್ ಚೈನ್ ಸಡಿಲವಾಗಿದೆಯೇ, ಹಲ್ಲು ಜಿಗಿದಿದೆಯೇ ಎಂದು ನೋಡದೆ ಮುಂದೆ ಹೋಗಬಾರದು. ಫ್ರೀಜ್ ಫ್ರೇಮ್, ಅಂದರೆ ಕೋಡ್ ಬಿದ್ದ ಕ್ಷಣದ ಇಂಜಿನ್ ಅಂಕಿಗಳನ್ನು, ಬರೆದಿಟ್ಟುಕೊಂಡ ಮೇಲೆಯೇ ಕೋಡ್ ಅಳಿಸಿ.

ಆಮೇಲೆ ಡಿಪ್‌ಸ್ಟಿಕ್. ಕ್ಯಾಮ್ ಫೇಸರ್, ಅಂದರೆ ಕ್ಯಾಮ್ ತುದಿಯಲ್ಲಿದ್ದು ಅದನ್ನು ಹಿಂದೆ ಮುಂದೆ ತಿರುಗಿಸುವ ಭಾಗ, ತಿರುಗುವುದು ಆಯಿಲ್ ಒತ್ತಡದಿಂದಲೇ. 5ಡಬ್ಲ್ಯು-30 ಬೇಕಾದಲ್ಲಿ 20ಡಬ್ಲ್ಯು-50 ಹಾಕಿದ್ದರೆ, ಆಯಿಲ್ ಕಪ್ಪಾಗಿ ಗಟ್ಟಿಯಾಗಿದ್ದರೆ, ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ನಾನು ಹೆಚ್ಚು ನಂಬುವ ಪರೀಕ್ಷೆ ಇದು. ಇಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಓಸಿವಿ ಕನೆಕ್ಟರ್ ಕಳಚಿ. ವಾಲ್ವ್ ಸರಿಯಿದ್ದರೆ ಕ್ಯಾಮ್ ಮುಂದಕ್ಕೆ ತಿರುಗದ ಮೂಲ ಸ್ಥಾನಕ್ಕೆ ಬಂದು ಐಡ್ಲಿಂಗ್ ಸಮವಾಗಿರುತ್ತದೆ. ಈಗ 5 ಆಂಪ್ ಫ್ಯೂಸ್ ಇರುವ ವೈರ್‌ನಿಂದ ವಾಲ್ವ್‌ಗೆ ಬ್ಯಾಟರಿಯ 12 ವೋಲ್ಟ್ ಒಂದೆರಡು ಸೆಕೆಂಡ್ ಕೊಡಿ. ಹೆಚ್ಚು ಹೊತ್ತು ಕೊಟ್ಟರೆ ಕಾಯಿಲ್ ಸುಡಬಹುದು. ಇಂಜಿನ್ ನಡುಗಬೇಕು, ಇಲ್ಲವೇ ಆಫ್ ಆಗಬೇಕು. ಇನ್‌ಟೇಕ್ ವಾಲ್ವ್ ಬೇಗ ತೆರೆದಾಗ ಸುಟ್ಟ ಹೊಗೆ ಹೊಸ ಮಿಶ್ರಣಕ್ಕೆ ಬೆರೆತು ಉರಿ ಕೆಡುತ್ತದೆ, ಅದಕ್ಕೇ ಈ ನಡುಕ. ಹೀಗಾದರೆ ವಾಲ್ವ್, ಫೇಸರ್ ಎರಡೂ ಓಡಾಡುತ್ತಿವೆ, ವೈರಿಂಗ್ ಕಡೆ ತಿರುಗಿ. ಕನೆಕ್ಟರ್ ಕಳಚಿದಾಗಲೂ ಐಡ್ಲಿಂಗ್ ಒರಟಾಗಿದ್ದು 12 ವೋಲ್ಟ್‌ಗೂ ಏನೂ ಬದಲಾಗದಿದ್ದರೆ ಸ್ಪೂಲ್ (ವಾಲ್ವ್ ಒಳಗೆ ಸರಿದಾಡುವ ಕಡ್ಡಿ) ಅಥವಾ ಫೇಸರ್ ಸಿಕ್ಕಿಕೊಂಡಿದೆ ಎಂದು ಅನುಮಾನಿಸಬೇಕು.

ಕಾಯಿಲ್ ರೆಸಿಸ್ಟೆನ್ಸ್ ತಣ್ಣಗಿದ್ದಾಗ ಅಳೆಯಿರಿ. ಹಲವು ಇಂಜಿನ್‌ಗಳಲ್ಲಿ 20 ಡಿಗ್ರಿಯಲ್ಲಿ 6.9ರಿಂದ 7.9 ಓಮ್, ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹೇಳುವುದೇ ಅಂತಿಮ. ವಾಲ್ವ್ ಬಿಚ್ಚಿ ಕ್ಲೀನರ್ ಹೊಡೆದು, 12 ವೋಲ್ಟ್ ತಾಗಿಸಿದಾಗ ಸ್ಪೂಲ್ ತುದಿಯವರೆಗೆ ಸರಿದು ತಾನಾಗಿ ಮರಳಬೇಕು. ರೆಸಿಸ್ಟೆನ್ಸ್ ತಪ್ಪಿದ್ದರೆ ಅಥವಾ ಸ್ಪೂಲ್ ಅರ್ಧಕ್ಕೆ ತಡೆದರೆ ಮಾತ್ರ ಹೊಸದು ಹಾಕಿ. ಪ್ರತ್ಯೇಕ ಜಾಲರಿ ಫಿಲ್ಟರ್ ಇದ್ದರೆ ಅದನ್ನೂ ತೊಳೆಯಿರಿ, ಹೊಸ ಓ-ರಿಂಗ್‌ಗೆ ಆಯಿಲ್ ಸವರಿ ಕೂರಿಸಿ.

ಸ್ಲಡ್ಜ್ (ಗಟ್ಟಿಯಾದ ಆಯಿಲ್ ಕೆಸರು) ತುಂಬಿದ ಹಳೆ ಇಂಜಿನ್‌ಗೆ ಫ್ಲಶ್ (ಒಳಗೆ ತೊಳೆಯುವ ದ್ರವ) ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಳಚಿ ಬಂದ ಕಸ ಆಯಿಲ್ ಪಂಪಿನ ಸ್ಟ್ರೈನರ್ ಕಟ್ಟಿಬಿಡಬಹುದು. ಸರಿಯಾದ ದರ್ಜೆಯ ಆಯಿಲ್, ಫಿಲ್ಟರ್ ಹಾಕಿ 1,000 ಕಿಲೋಮೀಟರ್‌ಗೆ ಇನ್ನೊಮ್ಮೆ ಬದಲಿಸುವುದು ನಿಧಾನ, ಆದರೆ ಸುರಕ್ಷಿತ.

ಕೊನೆಗೆ ಲೈವ್ ಡೇಟಾ ಹಾಕಿಕೊಂಡು ರಸ್ತೆಯಲ್ಲಿ ಓಡಿಸಿ, ಪಕ್ಕದಲ್ಲಿ ಕೂತವರು ಸ್ಕ್ರೀನ್ ನೋಡಲಿ. ಇಸಿಯು ಕೇಳಿದ ಡಿಗ್ರಿಯನ್ನು ಕ್ಯಾಮ್ ಬೆನ್ನಟ್ಟಬೇಕು, ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಸೊನ್ನೆಯ ಹತ್ತಿರಕ್ಕೆ ಮರಳಬೇಕು. ಇಷ್ಟೆಲ್ಲ ಆದಮೇಲೂ ಮರಳದಿದ್ದರೆ, ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಕಟಕಟ ಸದ್ದೂ ಬಂದರೆ, ಇಂಜಿನ್ ನಿಂತಾಗ ಫೇಸರ್ ಅನ್ನು ಹಿಡಿದಿಡುವ ಲಾಕ್ ಪಿನ್ ಸವೆದಿರಬಹುದು. ಚೈನ್ ಕವರ್ ಬಿಚ್ಚುವ ಕೆಲಸ ಆಗ ಮಾತ್ರ.