ಬೈಕ್ ಸವಾರಿಯಲ್ಲಿ ಹಾಡು ಕೇಳಬೇಕೆಂದರೆ ಮೊದಲು ಗಾಳಿಯ ಸದ್ದನ್ನು ಇಳಿಸಿ

ಪುಣೆಯಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರು ಹಬ್ಬಕ್ಕೋ ಮದುವೆಗೋ ಊರಿಗೆ ಹೊರಟಾಗ ಬೈಕನ್ನೇ ಹತ್ತುತ್ತಾರೆ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ ಸೇರುವ ಆ ದೀರ್ಘ ಹೆದ್ದಾರಿಯಲ್ಲಿ ಹಾಡಿನ ಜೊತೆ ಹಿತವೇ. ಆದರೆ ಹಾಡು ಸರಿಯಾಗಿ ಕೇಳಿಸದಿದ್ದಾಗ ವಾಲ್ಯೂಮ್ ಏರಿಸುವುದೇ ಬಹುತೇಕರ ಅಭ್ಯಾಸವಾಗಿದ್ದು, ಕಿವಿಗೆ ಪೆಟ್ಟು ಬೀಳುವುದು ಅದರಿಂದಲೇ.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದೊಂದೇ 100 ಡೆಸಿಬೆಲ್ ಸಮೀಪಿಸುತ್ತದೆ. ಕೆಲಸದ ಸ್ಥಳಗಳಿಗೆ ತಜ್ಞರು ಸೂಚಿಸುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತ ಹೋಗಿ, 100ಕ್ಕೆ ತಲುಪುವಾಗ ಕೇವಲ 15 ನಿಮಿಷ ಉಳಿಯುತ್ತದೆ. ಆದ್ದರಿಂದ ಹೆಲ್ಮೆಟ್ಟಿನೊಳಗೆ ಕೂರಿಸುವ ಸ್ಪೀಕರ್‌ಗಿಂತ ಮೊದಲು ಕೊಳ್ಳಬೇಕಾದದ್ದು ಕಿವಿಯೊಳಗೆ ಸೇರಿಸಿ ಸದ್ದು ತಗ್ಗಿಸುವ ಫೋಮ್ ಇಯರ್‌ಪ್ಲಗ್. ಅದನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಿ, ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಗಾಳಿಯ ಜೊತೆಗೆ ಹಾಡೂ ತಗ್ಗುತ್ತದೆ, ನಿಜ. ಆದರೆ ಕಿವಿಯ ಮೇಲಿನ ಒತ್ತಡ ಇಳಿಯುವುದರಿಂದ ಹಾಡಿನ ಮಾತುಗಳು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತವೆ.

ಸ್ಪೀಕರ್ ಕೂರಿಸುವ ಜಾಗವೂ ಅಷ್ಟೇ ಮುಖ್ಯ. ಹೆಲ್ಮೆಟ್ಟಿಗೆ ಜೋಡಿಸಿ ಫೋನಿನ ಹಾಡು, ಮಾತು ಕೇಳಿಸುವ ದುಬಾರಿ ಬ್ಲೂಟೂತ್ ಇಂಟರ್‌ಕಾಮ್ ಕೊಂಡು ಸ್ಪೀಕರನ್ನು ಕಿವಿಯ ಹಿಂಭಾಗಕ್ಕೆ ಅಂಟಿಸಿಕೊಂಡವರು ಸದ್ದು ಸಾಲದೆಂದು ದೂರುತ್ತಾರೆ. ಅದರ ನಡುಭಾಗ ಕಿವಿಯ ರಂಧ್ರಕ್ಕೆ ಎದುರಾಗಿರಬೇಕು. ಹಾಡು ಹಚ್ಚಿ, ಹೆಲ್ಮೆಟ್ ಧರಿಸಿ, ಎರಡೂ ಬದಿಯ ಕೆನ್ನೆಯ ಪ್ಯಾಡುಗಳ ಕಡೆಯಿಂದ ಬೆರಳು ತೂರಿಸಿ ಸ್ಪೀಕರನ್ನು ಕಿವಿಯತ್ತ ಮೆಲ್ಲಗೆ ಒತ್ತಿ ನೋಡಿ. ಸದ್ದು ತಟ್ಟನೆ ಏರಿದರೆ ಅದು ದೂರವಿದೆ ಎಂದರ್ಥ. ಆಗ ಹಿಂದೆ ಒಂದು ವೆಲ್ಕ್ರೋ ಪ್ಯಾಡ್ ಸೇರಿಸಿ ಮುಂದೆ ತನ್ನಿ, ಆದರೆ ಕಿವಿಗೆ ತಾಗಿ ನೋಯುವಷ್ಟಲ್ಲ. ಜಾಗ ಸಾಲದೆಂದು ಒಳಗಿನ ಥರ್ಮಾಕೋಲ್ ಪದರವನ್ನು ಕೆತ್ತಬೇಡಿ. ಪೆಟ್ಟನ್ನು ಹೀರಿಕೊಂಡು ತಲೆಯನ್ನು ಉಳಿಸುವುದು ಅದೇ.

ಕಿವಿಯೊಳಗೆ ತೂರಿಸುವ ಇಯರ್‌ಫೋನನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಹೆಲ್ಮೆಟ್ ಹಾಕುವಾಗ ಜಾರುತ್ತದೆ; ದಾರಿಯಲ್ಲಿ ಸರಿಪಡಿಸಲು ಕೈ ಹ್ಯಾಂಡಲ್ ಬಿಡುತ್ತದೆ.

ಹಾಡುಗಳ ಪಟ್ಟಿಯನ್ನು ಹೊರಡುವ ಮೊದಲೇ ಸಿದ್ಧಮಾಡಿ ಫೋನನ್ನು ಜೇಬಿನಲ್ಲಿಡಿ. ಕೈಯಲ್ಲಿ ಫೋನ್ ಹಿಡಿದು ಚಲಾಯಿಸುವುದು 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಅಡಿ ಅಪಾಯಕಾರಿ ಚಾಲನೆ ಎನಿಸಿಕೊಳ್ಳುತ್ತದೆ. ಪುಣೆಯೊಳಗೆ ಸ್ವಾರ್‌ಗೇಟ್‌ನಿಂದ ಕಾತ್ರಜ್‌ವರೆಗಿನ ದಟ್ಟಣೆಯಲ್ಲಿ, ಬಸ್ಸು ರಿಕ್ಷಾಗಳು ಯಾವ ಬದಿಯಿಂದ ನುಗ್ಗುತ್ತವೆಂದು ಕಿವಿಯೂ ತಿಳಿಸಬೇಕಾದ ಕಾರಣ, ಹಾಡೂ ಬೇಡ, ಇಯರ್‌ಪ್ಲಗ್ಗೂ ಬೇಡ. ಸಾತಾರಾಕ್ಕೆ ಮುನ್ನ ಬರುವ ಖಂಬಾಟಕಿ ಘಾಟಿನಲ್ಲಿಯೂ ಹಾಡು ನಿಲ್ಲಿಸಿ. ಮಳೆಗಾಲದಲ್ಲಂತೂ ತಿರುವಿನಾಚೆಯ ಲಾರಿ ಕಾಣುವ ಮೊದಲೇ ಅದರ ಹಾರ್ನ್ ಕೇಳಿಸಬಹುದು.

ಚಹಾಕ್ಕೆ ನಿಂತಾಗ ಹೆಲ್ಮೆಟ್ ತೆಗೆದು ಗಮನಿಸಿ. ಕಿವಿ ಗುಂಯ್‌ಗುಡುತ್ತಿದ್ದರೆ ಮಿತಿ ಮೀರಿದೆಯೆಂದೇ ಅರ್ಥ. ಇಯರ್‌ಪ್ಲಗ್ಗನ್ನು ಮತ್ತೆ ಸರಿಯಾಗಿ ಕೂರಿಸಿ, ವೇಗ ತಗ್ಗಿಸಿ, ಉಳಿದ ದಾರಿಯನ್ನು ಹಾಡಿಲ್ಲದೆ ಸಾಗಿ.